ನಿಮಗಿದು ಗೊತ್ತೆ? ಸೋತ ಹೃದಯಕ್ಕೆ ಯಾವ ಮದ್ದು?

ದೊಡ್ಡ ಹೃದಯಾಘಾತದ ನಂತರ ಕೆಲವರ ಹೃದಯಕ್ಕೆ ರಕ್ತವನ್ನು ಮುಂದಕ್ಕೆ ದೂಡುವಷ್ಟು ಬಲವೂ ಉಳಿಯುವುದಿಲ್ಲ. ಮೇಲಿನ ರಕ್ತದೊತ್ತಡ 90ಕ್ಕಿಂತ ಕೆಳಗಿಳಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮೂತ್ರ ಕಡಿಮೆಯಾಗುತ್ತದೆ. ಇದೇ ಕಾರ್ಡಿಯೋಜೆನಿಕ್ ಶಾಕ್.

ಒತ್ತಡ ಏರಿಸಲು ಹಿಂದೆ ಡೋಪಮಿನ್ ಬಲು ಬಳಕೆಯಲ್ಲಿತ್ತು. 2010ರಲ್ಲಿ ಪ್ರಕಟವಾದ, 1,679 ರೋಗಿಗಳಲ್ಲಿ ಅದನ್ನು ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ಮದ್ದಿನೊಂದಿಗೆ ಹೋಲಿಸಿದ ಯುರೋಪಿನ ಅಧ್ಯಯನ ಅದರ ಪಟ್ಟ ಅಲುಗಿಸಿತು. ಡೋಪಮಿನ್ ಪಡೆದವರಲ್ಲಿ ಶೇ. 24ರಷ್ಟು ಮಂದಿಗೆ ಹೃದಯದ ಬಡಿತ ಲಯ ತಪ್ಪಿತು. ನಾರ್‌ಅಡ್ರಿನಲಿನ್ ಪಡೆದವರಲ್ಲಿ ಶೇ. 12ರಷ್ಟು ಮಾತ್ರ.

ಹಾಗಾದರೆ ಅಡ್ರಿನಲಿನ್? ಹೆಸರಿನಲ್ಲೇ ಹುರುಪಿದೆ, ನಿಜ. ಆದರೆ ಅದು ದಣಿದ ಎತ್ತಿಗೆ ಚಾಟಿ ಬೀಸಿದಂತೆ: ಬಡಿತದ ವೇಗ ಏರಿ, ಹೃದಯದ ಸ್ನಾಯು ಇನ್ನಷ್ಟು ಆಮ್ಲಜನಕ ಬೇಡುತ್ತದೆ. ಫ್ರಾನ್ಸಿನ ವೈದ್ಯರು 57 ರೋಗಿಗಳಲ್ಲಿ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ಹೋಲಿಸಿದರು. ಅಡ್ರಿನಲಿನ್ ಪಡೆದ 27 ಮಂದಿಯಲ್ಲಿ 10 ಜನರ ಶಾಕ್ ಯಾವುದಕ್ಕೂ ಬಗ್ಗದ ಹಂತ ಮುಟ್ಟಿತು. ಇನ್ನೊಂದು ಗುಂಪಿನ 30ರಲ್ಲಿ ಇಬ್ಬರದು ಮಾತ್ರ. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಸಣ್ಣ ಅಧ್ಯಯನವೇ, ಆದರೂ ಕಡೆಗಣಿಸುವಂಥದ್ದಲ್ಲ.

ನಾರ್‌ಅಡ್ರಿನಲಿನ್ ಕೂಡ ಸಾಧು ಮದ್ದೇನಲ್ಲ. ರಕ್ತನಾಳದಿಂದ ಹೊರಗೆ ಸೋರಿದರೆ ಅಲ್ಲಿನ ಚರ್ಮವೇ ಸತ್ತುಹೋಗಬಹುದು. ಆದ್ದರಿಂದಲೇ ಸಾಮಾನ್ಯವಾಗಿ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿ, ಸಿರಿಂಜ್ ಪಂಪಿನಿಂದ ಅಳೆದು ಅಳೆದು ಕೊಡುತ್ತಾರೆ. ಹೃದಯದ ಹಿಂಡುವ ಬಲ ಹೆಚ್ಚಿಸಲು ಜೊತೆಗೆ ಡೊಬ್ಯುಟಮಿನ್ ಸೇರಿಸುವುದುಂಟು.

ಇವೆಲ್ಲ ಸಮಯ ಗಳಿಸಿಕೊಡುವ ಮದ್ದುಗಳು. ಜೀವ ಉಳಿಯುವ ಸಾಧ್ಯತೆಯನ್ನು ನಿಜಕ್ಕೂ ಹೆಚ್ಚಿಸುವುದು ಕಟ್ಟಿಕೊಂಡ ರಕ್ತನಾಳವನ್ನು ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್‌ನಿಂದ ಬೇಗ ಸರಿಪಡಿಸುವುದು.