ಸ್ಕ್ಯಾನರ್ ಕೊಳ್ಳೋಕೆ ದುಡ್ಡು ಸಿಗುತ್ತೆ, ಅದನ್ನ ಸುಧಾರಿಸೋ ಯುವ ಸಂಶೋಧಕರಿಗೆ ಯಾರು ಕೊಡ್ತಾರೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಂಕ್ಷೇಪಿಸಲಾಗಿದೆ.)



ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಅಲ್ಟ್ರಾಸೌಂಡೋ, ಸಿಟಿಯೋ, ಎಂಆರ್‌ಐಯೋ ಆಗಿರುತ್ತೆ. ಬಿಲ್ ಎಷ್ಟಾಯ್ತು ಅನ್ನೋದೂ ನೆನಪಿರುತ್ತೆ. ಆದ್ರೆ ಆ ಸ್ಕ್ಯಾನ್ ಇನ್ನೂ ಬೇಗ ಮುಗಿಯೋ ಹಾಗೆ, ಇನ್ನೂ ಸ್ಪಷ್ಟವಾಗಿ ಕಾಣೋ ಹಾಗೆ ಮಾಡೋದು ಹೇಗೆ ಅಂತ ಯಾವುದೋ ಲ್ಯಾಬಲ್ಲಿ ಕೂತು ತಲೆ ಕೆಡಿಸ್ಕೊಂಡಿರೋ 30 ವರ್ಷದ ಸಂಶೋಧಕರಿಗೆ ಸಂಬಳ ಯಾರು ಕೊಡ್ತಾರೆ?

ಸರ್ಕಾರ ಅಂತೀರಾ? ಕಂಪನಿ ಅಂತೀರಾ? ಎರಡೂ ಸರಿ. ಆದ್ರೆ ವೃತ್ತಿಯ ಮೊದಲ ಕೆಲವು ವರ್ಷ ಇವೆರಡೂ ಸುಲಭಕ್ಕೆ ಕೈಗೆ ಸಿಗಲ್ಲ. ಆ ಸಂದಿಯಲ್ಲಿ ಬರೋದು ದಾನದ ಹಣ. ಅದು ಎಲ್ಲಿಂದ ಬರುತ್ತೆ, ಏನು ಮಾಡುತ್ತೆ, ಎಲ್ಲಿ ಸೋಲುತ್ತೆ ಅನ್ನೋದೇ ಇವತ್ತಿನ ಸಂಚಿಕೆ.

ಬಿಡುವಿನ ವೇಳೆಯಲ್ಲಿ ಹುಟ್ಟಿದ ನೊಬೆಲ್

ಮೊದಲು ಒಂದು ಹಳೇ ಕಥೆ. 1956, ದಕ್ಷಿಣ ಆಫ್ರಿಕಾದ ಕೇಪ್‌ಟೌನ್. ಆಲನ್ ಕಾರ್ಮ್ಯಾಕ್ ಅನ್ನೋ 32 ವರ್ಷದ ಭೌತಶಾಸ್ತ್ರದ ಮೇಷ್ಟ್ರು ವಾರಕ್ಕೆ ಒಂದೂವರೆ ದಿನ ಗ್ರೂಟ್ ಸ್ಕೂರ್ ಆಸ್ಪತ್ರೆಗೆ ಹೋಗ್ತಿದ್ರು. ವಿಕಿರಣಶೀಲ ವಸ್ತುಗಳ ಬಳಕೆಯನ್ನ ನೋಡಿಕೊಳ್ಳೋದು ಅಲ್ಲಿ ಅವರ ಕೆಲಸ. ಅಲ್ಲೇ ಅವರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಕ್ಯಾನ್ಸರ್ ರೋಗಿಗೆ ಎಷ್ಟು ವಿಕಿರಣ ಕೊಡಬೇಕು ಅಂತ ಲೆಕ್ಕ ಹಾಕುವಾಗ, ದೇಹ ಪೂರ್ತಿ ಒಂದೇ ಥರದ ವಸ್ತು ಅಂತಲೇ ಅಂದುಕೊಳ್ತಿದ್ರು. ಮೂಳೆ ಬೇರೆ, ಶ್ವಾಸಕೋಶ ಬೇರೆ ಅಲ್ವಾ? ಹೊರಗಿನಿಂದ ಎಕ್ಸ್‌ರೇ ಹಾಯಿಸಿ, ಒಳಗೆ ಎಲ್ಲೆಲ್ಲಿ ಏನಿದೆ ಅಂತ ಗಣಿತದಿಂದ ಕಂಡುಹಿಡೀಬಹುದಾ?

ಆಮೇಲೆ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯಕ್ಕೆ ಹೋದ್ರು. ಅಲ್ಲೂ ಮುಖ್ಯ ಕೆಲಸದ ನಡುವೆ ಬಿಡುವಾದಾಗಲೆಲ್ಲ ಇದನ್ನ ಮುಂದುವರಿಸಿದ್ರು. 1963 ಮತ್ತು 1964ರಲ್ಲಿ ಎರಡು ಪ್ರಬಂಧ ಪ್ರಕಟ ಆಯ್ತು. ಪ್ರತಿಕ್ರಿಯೆ? ಹೆಚ್ಚುಕಮ್ಮಿ ಶೂನ್ಯ. ಕುತೂಹಲದಿಂದ ಪ್ರತಿ ಕೇಳಿದವರಲ್ಲಿ ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರವೂ ಒಂದು! ಬೆಟ್ಟದ ಮೇಲಿನ ಹಿಮದ ರಾಶಿ ಅಳೆಯೋಕೆ ಇದು ಉಪಯೋಗ ಆಗುತ್ತಾ ಅಂತ ಅವರ ಆಸಕ್ತಿ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಯಂತ್ರದಿಂದ ಮೊದಲ ರೋಗಿಯ ಸಿಟಿ ಸ್ಕ್ಯಾನ್ ಆಯ್ತು. ಹೌನ್ಸ್‌ಫೀಲ್ಡ್ ಬೆನ್ನಿಗೆ ಇಎಂಐ ಕಂಪನಿ ಮತ್ತು ಬ್ರಿಟನ್ ಸರ್ಕಾರದ ಆರೋಗ್ಯ ಇಲಾಖೆ ಇದ್ವು. 1979ರಲ್ಲಿ ನೊಬೆಲ್ ಮಾತ್ರ ಇಬ್ಬರಿಗೂ ಸೇರಿ ಬಂತು.

ಕಾರ್ಮ್ಯಾಕ್ ಗೆದ್ರು, ಸರಿ. ಆದ್ರೆ ಗಮನಿಸಿ: ಅವರಿಗೆ ಖಾಯಂ ಕೆಲಸ ಇತ್ತು, ಮೇಷ್ಟ್ರ ಸಂಬಳ ಇತ್ತು. ಬಿಡುವಿನಲ್ಲಿ ಸಂಶೋಧನೆ ಮಾಡೋಕೆ ಮೊದಲು ಬಿಡುವು ಬೇಕು. ಅದೂ ಇಲ್ಲದೆ ಅರ್ಧಕ್ಕೇ ಬಿಟ್ಟು ಹೋದವರ ಹೆಸರು ಯಾವ ಪಟ್ಟಿಯಲ್ಲೂ ಇರಲ್ಲ.

ಹುಚ್ಚು ಬಿಡದೆ ಮದುವೆ ಆಗಲ್ಲ

ಈಗಿನ ಕಾಲಕ್ಕೆ ಬರೋಣ. ಒಂದು ಕಾಲ್ಪನಿಕ ಉದಾಹರಣೆ ತಗೊಳ್ಳಿ. ಪಿಎಚ್‌ಡಿ ಮುಗಿಸಿದ ಒಬ್ಬ ಹುಡುಗಿ. ಎಂಆರ್‌ಐ ಯಂತ್ರದ ಒಳಗೆ ಅಲ್ಲಾಡದೆ ಮಲಗಬೇಕು ಅಂತ ನಿಮಗೆ ಗೊತ್ತು. ಪುಟ್ಟ ಮಕ್ಕಳು ಮಲಗ್ತಾರಾ? ಹಾಗಾಗಿ ಎಷ್ಟೋ ಸಲ ಅವರಿಗೆ ಮಂಪರು ಬರೋ ಔಷಧಿಯನ್ನೋ ಅರಿವಳಿಕೆಯನ್ನೋ ಕೊಡಬೇಕಾಗುತ್ತೆ. ಸ್ಕ್ಯಾನ್ ಸಮಯವನ್ನೇ ಕಡಿಮೆ ಮಾಡೋ ಒಂದು ವಿಧಾನ ಈ ಹುಡುಗಿಯ ತಲೆಯಲ್ಲಿದೆ. ಅದು ಕೆಲಸ ಮಾಡುತ್ತೆ ಅಂತ ತೋರಿಸಬೇಕು.

ಅದಕ್ಕೆ ಏನೇನು ಬೇಕು? ಸ್ಕ್ಯಾನರ್ ಬೇಕು, ಅದು ಹಗಲೆಲ್ಲ ರೋಗಿಗಳಿಗೆ ಮೀಸಲು. ಹಾಗಾಗಿ ರಾತ್ರಿಯೋ ಭಾನುವಾರವೋ ಗಂಟೆಗಿಷ್ಟು ಅಂತ ಕೊಟ್ಟು ಸಮಯ ಪಡೀಬೇಕು. ಸ್ವಯಂಸೇವಕರು ಬೇಕು, ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅಷ್ಟರವರೆಗೆ ಮನೆ ಬಾಡಿಗೆ ಕಟ್ಟೋಕೆ ಸಂಬಳ ಬೇಕು. ದೊಡ್ಡ ಗ್ರಾಂಟ್‌ಗೆ ಅರ್ಜಿ ಹಾಕಿದ್ರೆ ಕೇಳೋ ಮೊದಲ ಪ್ರಶ್ನೆ: ‘ನಿಮ್ಮ ಹತ್ರ ಪ್ರಾಥಮಿಕ ಫಲಿತಾಂಶ ಏನಿದೆ?’ ದುಡ್ಡಿಲ್ಲದೆ ಫಲಿತಾಂಶ ಬರಲ್ಲ, ಫಲಿತಾಂಶ ಇಲ್ಲದೆ ದುಡ್ಡು ಬರಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತ ನಮ್ಮಜ್ಜಿಯರು ಹೇಳ್ತಿದ್ದ ಮಾತು ಇದೇ.

ಇದು ನಮ್ಮ ದೇಶದ ಕಥೆ ಮಾತ್ರ ಅಂದ್ಕೋಬೇಡಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದ್ರೆ ಎನ್‌ಐಎಚ್, ವೈದ್ಯಕೀಯ ಸಂಶೋಧನೆಗೆ ಹಣ ಕೊಡೋದರಲ್ಲಿ ಬಹಳ ದೊಡ್ಡದು. ಅಲ್ಲಿ ಒಬ್ಬ ಸಂಶೋಧಕರಿಗೆ ಮೊದಲ ದೊಡ್ಡ ಸ್ವತಂತ್ರ ಗ್ರಾಂಟ್ ಸಿಗೋ ಹೊತ್ತಿಗೆ ಸರಾಸರಿ ವಯಸ್ಸು 40 ದಾಟಿರುತ್ತೆ.

ಇಮೇಜಿಂಗ್ ಯಾವ ರೋಗದ ಮಗು?

ಇಮೇಜಿಂಗ್‌ಗೆ ಇನ್ನೊಂದು ವಿಶೇಷ ಕಷ್ಟ ಇದೆ. ಜನ ದಾನ ಕೊಡೋದು ರೋಗದ ಹೆಸರಿಗೆ. ಮನೆಯಲ್ಲಿ ಯಾರಿಗೋ ಕ್ಯಾನ್ಸರ್ ಆಗಿದ್ರೆ ಕ್ಯಾನ್ಸರ್ ಸಂಸ್ಥೆಗೆ ಕೊಡ್ತೀವಿ. ಹೃದಯಕ್ಕೆ, ಕಿಡ್ನಿಗೆ, ಕಣ್ಣಿಗೆ ಹೀಗೇ. ಆದ್ರೆ ‘ನನಗೆ ಎಂಆರ್‌ಐ ಕಾಯಿಲೆ’ ಅಂತ ಹೇಳೋ ರೋಗಿ ಇಲ್ಲ. ಇಮೇಜಿಂಗ್ ಎಲ್ಲ ರೋಗಕ್ಕೂ ಬೇಕಾದ ಉಪಕರಣ, ಹಾಗಾಗಿ ಯಾವ ರೋಗದ ಮನೆಗೂ ಅದು ಸ್ವಂತ ಮಗು ಆಗಲ್ಲ.

ಅಮೆರಿಕದ ಸರ್ಕಾರವೂ ಹಾಗೇ ಇತ್ತು. ಎನ್‌ಐಎಚ್ ಒಳಗೆ ಕ್ಯಾನ್ಸರ್‌ಗೆ, ಹೃದಯಕ್ಕೆ, ಕಣ್ಣಿಗೆ ಎಷ್ಟೋ ಕಾಲದಿಂದ ಪ್ರತ್ಯೇಕ ಸಂಸ್ಥೆಗಳಿದ್ವು. ಇಮೇಜಿಂಗ್ ಮತ್ತು ಜೈವಿಕ ಎಂಜಿನಿಯರಿಂಗ್‌ಗೆ ಅಂತಲೇ ಒಂದು ಸಂಸ್ಥೆ ಸ್ಥಾಪಿಸೋ ಕಾನೂನಿಗೆ ಸಹಿ ಬಿದ್ದಿದ್ದು 2000ದ ಡಿಸೆಂಬರ್‌ನಲ್ಲಿ. ಅಷ್ಟೊತ್ತಿಗೆ ಸಿಟಿ ಸ್ಕ್ಯಾನ್ ಬಂದು ಸುಮಾರು 30 ವರ್ಷ ಆಗಿತ್ತು.

ದಾನ ಬಂದ ಮೂರು ದಾರಿ

ಹಾಗಾದ್ರೆ ಈ ಅಂತರ ತುಂಬಿದ್ದು ಯಾರು? ಮೂರು ಥರದ ದಾನಿಗಳನ್ನ ನೋಡೋಣ.

ಒಂದು, ಅದೇ ವೃತ್ತಿಯವರು. ಉತ್ತರ ಅಮೆರಿಕದ ರೇಡಿಯಾಲಜಿ ಸೊಸೈಟಿ, ಆರ್‌ಎಸ್‌ಎನ್‌ಎ, 1915ರಲ್ಲಿ ಶುರುವಾದ ಸಂಘ. ಅದು 1984ರಲ್ಲಿ ಸಂಶೋಧನೆ ಮತ್ತು ಶಿಕ್ಷಣಕ್ಕೆ ಅಂತ ಒಂದು ಪ್ರತಿಷ್ಠಾನ ಮಾಡಿತು. ರೇಡಿಯಾಲಜಿಸ್ಟ್‌ಗಳು ತಮ್ಮ ಜೇಬಿನಿಂದ ಕೊಡ್ತಾರೆ, ಕಂಪನಿಗಳೂ ಕೊಡ್ತವೆ. ಆ ಹಣ ವೈದ್ಯಕೀಯ ವಿದ್ಯಾರ್ಥಿಗಳಿಗೆ, ರೆಸಿಡೆಂಟ್‌ಗಳಿಗೆ, ಹೊಸದಾಗಿ ಅಧ್ಯಾಪಕರಾದವರಿಗೆ ಹೋಗುತ್ತೆ. ಇಲ್ಲಿ ಮುಖ್ಯವಾದ ಮಾತು ಏನಂದ್ರೆ, ಈ ಗ್ರಾಂಟ್‌ಗಳು ಮುಖ್ಯವಾಗಿ ಕೊಳ್ಳೋದು ಸಮಯವನ್ನ. ರೇಡಿಯಾಲಜಿ ಡಾಕ್ಟರಿಗೆ ದಿನವಿಡೀ ರೋಗಿಗಳ ಸ್ಕ್ಯಾನ್ ನೋಡಿ ವರದಿ ಬರೆಯೋ ಕೆಲಸ. ಅವರ ಸಂಬಳದ ಒಂದು ಪಾಲನ್ನ ಗ್ರಾಂಟ್ ಭರಿಸಿದ್ರೆ, ವಾರದಲ್ಲಿ ಕೆಲವು ದಿನ ‘ಇವರನ್ನ ಬಿಟ್ಬಿಡಿ, ಇವತ್ತು ಇವರು ಸಂಶೋಧನೆ ಮಾಡ್ತಾರೆ’ ಅಂತ ಆಸ್ಪತ್ರೆ ಒಪ್ಪುತ್ತೆ.

ಎರಡು, ಒಬ್ಬ ಶ್ರೀಮಂತನ ಉಯಿಲು. ಅಂಕಸ್ ವಿಟೇಕರ್ ಅನ್ನೋ ಎಂಜಿನಿಯರ್ 1941ರಲ್ಲಿ ವಿದ್ಯುತ್ ತಂತಿ ಜೋಡಿಸೋ ಕನೆಕ್ಟರ್‌ಗಳ ಕಂಪನಿ ಕಟ್ಟಿ ದುಡ್ಡು ಮಾಡಿದವರು. 1975ರಲ್ಲಿ ಅವರು ತೀರಿಕೊಂಡ ಮೇಲೆ ವಿಟೇಕರ್ ಪ್ರತಿಷ್ಠಾನ ಹುಟ್ಟಿತು. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಸೇರೋ ಜಾಗಕ್ಕೆ, ಅದರಲ್ಲೂ ಹೊಸ ಸಂಶೋಧಕರಿಗೆ, ಅದು ಹಣ ಕೊಟ್ಟಿತು. ಒಟ್ಟು 70 ಕೋಟಿ ಡಾಲರ್‌ಗೂ ಹೆಚ್ಚು. ಎಲ್ಲ ಖರ್ಚು ಮಾಡಿ ಮುಗಿಸೋಣ ಅಂತ ತೀರ್ಮಾನಿಸಿ, 2006ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ಅಮೆರಿಕದ ಹತ್ತಾರು ವಿಶ್ವವಿದ್ಯಾಲಯಗಳಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ವಿಭಾಗಗಳು ಬೇರು ಬಿಟ್ಟಿದ್ವು.

ಮೂರು, ಎಲ್ಲ ರೋಗಕ್ಕೂ ಸೇರಿದ ದೊಡ್ಡ ದತ್ತಿ. ಔಷಧಿ ಕಂಪನಿ ಕಟ್ಟಿದ ಹೆನ್ರಿ ವೆಲ್‌ಕಮ್ 1936ರಲ್ಲಿ ತೀರಿಕೊಂಡಾಗ ಅವರ ಉಯಿಲಿನಿಂದ ವೆಲ್‌ಕಮ್ ಟ್ರಸ್ಟ್ ಹುಟ್ಟಿತು. 1990ರ ದಶಕದಲ್ಲಿ ಅದರ ಹಣದಿಂದ ಲಂಡನ್‌ನಲ್ಲಿ ಮೆದುಳಿನ ಇಮೇಜಿಂಗ್‌ಗೇ ಒಂದು ಪ್ರಯೋಗಾಲಯ ಬಂತು. ಮೆದುಳಿನ ಸ್ಕ್ಯಾನ್‌ಗಳನ್ನ ವಿಶ್ಲೇಷಿಸೋ ಎಸ್‌ಪಿಎಂ ಅನ್ನೋ ತಂತ್ರಾಂಶ ಬೆಳೆದದ್ದು ಅಲ್ಲಿ. ಅದನ್ನ ಉಚಿತವಾಗಿ ಹಂಚಿದ್ರು. ಹಾಗಾಗಿ ಅಲ್ಲಿ ಸುರಿದ ದಾನದ ಫಲ ಪ್ರಪಂಚದ ಬೇರೆ ಬೇರೆ ಕಡೆಯ ವಿದ್ಯಾರ್ಥಿಗಳ ಲ್ಯಾಪ್‌ಟಾಪಿಗೂ ಬಂತು.

ನಮ್ಮಲ್ಲಿ ಏನಿದೆ?

ಅದೇ ವೆಲ್‌ಕಮ್ ಹಣ ಇಲ್ಲಿಗೂ ಬರುತ್ತೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವೆಲ್‌ಕಮ್ ಸೇರಿ 2008ರಲ್ಲಿ ‘ಇಂಡಿಯಾ ಅಲಯನ್ಸ್’ ಶುರು ಮಾಡಿದ್ವು. ಕಚೇರಿ ಹೈದರಾಬಾದಿನಲ್ಲಿ. ಹೊಸಬರಿಗೆ ಅರ್ಲಿ ಕರಿಯರ್ ಫೆಲೋಶಿಪ್ ಇದೆ, ಡಾಕ್ಟರುಗಳಿಗೆ ಬೇರೆ ದಾರಿ ಇದೆ. ಮೂರನೇ ಹಂತಕ್ಕೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು: ಒಟ್ಟು 1,500 ಕೋಟಿ ರೂಪಾಯಿ. ಅದರಲ್ಲಿ 1,000 ಕೋಟಿ ಇಲಾಖೆಯದ್ದು, 500 ಕೋಟಿ ವೆಲ್‌ಕಮ್‌ನದ್ದು. ಇದು ಇಮೇಜಿಂಗ್‌ಗೆ ಮಾತ್ರ ಮೀಸಲಾದ ಹಣ ಅಲ್ಲ. ಇಡೀ ಜೀವವೈದ್ಯಕೀಯ ಕ್ಷೇತ್ರದ ಜೊತೆ ಸ್ಪರ್ಧೆ ಮಾಡಬೇಕು.

ಕರ್ನಾಟಕದಲ್ಲೇ ಒಂದು ಉದಾಹರಣೆ ಇದೆ. ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಅವರ ಪ್ರತೀಕ್ಷಾ ಟ್ರಸ್ಟ್‌ನ ನೆರವಿನಿಂದ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿ ಮೆದುಳು ಸಂಶೋಧನಾ ಕೇಂದ್ರ ನಡೀತಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ ಸುಮಾರು 10,000 ಜನರನ್ನ ವರ್ಷಾನುಗಟ್ಟಲೆ ಗಮನಿಸೋ ಅಧ್ಯಯನ ಅದರದ್ದು. ವಯಸ್ಸಾದಂತೆ ಮರೆವು ಯಾರಿಗೆ, ಯಾಕೆ ಬರುತ್ತೆ ಅಂತ ತಿಳಿಯೋಕೆ ಮೆದುಳಿನ ಎಂಆರ್‌ಐ ಕೂಡ ಮಾಡ್ತಾರೆ. ಅಂಥ ದತ್ತಾಂಶ ಕೈಗೆ ಸಿಕ್ಕಿದ್ರೆ ಒಬ್ಬ ಯುವ ಸಂಶೋಧಕಿಗೆ ಅದೇ ಅರ್ಧ ಗ್ರಾಂಟ್ ಇದ್ದಂಗೆ. ಯಾಕಂದ್ರೆ ಮೆದುಳಿನ ಬಗ್ಗೆ ನಾವು ಓದೋದು ಬಹುಪಾಲು ಪಾಶ್ಚಾತ್ಯರ ಸ್ಕ್ಯಾನ್ ನೋಡಿ ಬರೆದದ್ದು.

ದಾನಕ್ಕೂ ಮಿತಿ ಇದೆ

ಈಗ ಇನ್ನೊಂದು ಮುಖ. ವಿಟೇಕರ್ ಥರ ದಾನಿ ಬಾಗಿಲು ಹಾಕಿದ್ರೆ ಮುಂದೇನು? ಸರ್ಕಾರಕ್ಕೆ ಮತದಾರರು ಪ್ರಶ್ನೆ ಕೇಳಬಹುದು, ದಾನಿಗೆ ಕೇಳೋ ಹಾಗಿಲ್ಲ. ಸ್ಕ್ಯಾನರ್ ಮಾಡೋ ಕಂಪನಿಯೇ ದಾನ ಕೊಟ್ಟಾಗ, ಆ ಯಂತ್ರಕ್ಕೆ ಅನುಕೂಲ ಆಗೋ ಪ್ರಶ್ನೆಗಳೇ ಮುಂದೆ ಬರೋ ಅಪಾಯ ಇದೆ. ಅದಕ್ಕೇ ಯಾರಿಗೆ ಹಣ ಅಂತ ಆರಿಸೋ ಸಮಿತಿ ದಾನಿಯಿಂದ ದೂರ ಇರಬೇಕು.

ಇನ್ನೊಂದು ನಮ್ಮ ದೇಶಕ್ಕೆ ಹತ್ತಿರದ್ದು. ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಹಣವನ್ನ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತೆ. ಸರ್ಕಾರಿ ಹಣದಲ್ಲಿ ನಡೆಯೋ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ವೈದ್ಯಕೀಯ ಸಂಶೋಧನೆಗೂ ಅದನ್ನ ಕೊಡಬಹುದು. ಆದ್ರೆ ಕೊಡೋರ ಮನಸ್ಸು ಸಹಜವಾಗಿ ಯಂತ್ರದ ಕಡೆ ಹೋಗುತ್ತೆ. ಸ್ಕ್ಯಾನರ್ ಕೊಡಿಸಿದ್ರೆ ಅದರ ಮೇಲೆ ಹೆಸರಿನ ಫಲಕ ಹಾಕಬಹುದು, ರಿಬ್ಬನ್ ಕತ್ತರಿಸಿ ಫೋಟೋ ತೆಗೆಸ್ಕೋಬಹುದು. ಒಬ್ಬ ಪೋಸ್ಟ್‌ಡಾಕ್‌ನ ಮೂರು ವರ್ಷದ ಸಂಬಳಕ್ಕೆ ಎಲ್ಲಿ ಫಲಕ ಹೊಡೀತೀರಾ? ಆದ್ರೆ ಆ ಸ್ಕ್ಯಾನರ್‌ಗೆ ಹೊಸ ಪ್ರಶ್ನೆ ಕೇಳೋದು ಆ ಪೋಸ್ಟ್‌ಡಾಕ್.

ಅರ್ಜಿ ಹಾಕೋರಿಗೆ ನಾಲ್ಕು ಮಾತು

ನಮ್ಮ ಕೇಳುಗರಲ್ಲಿ ರೇಡಿಯಾಲಜಿ, ಫಿಸಿಕ್ಸ್, ಬಯೋಮೆಡಿಕಲ್, ಕಂಪ್ಯೂಟರ್ ಸೈನ್ಸ್ ಓದ್ತಿರೋರು ಇದ್ದೀರಿ. ನಿಮಗೆ:

‘ಅರ್ಲಿ ಕರಿಯರ್’ ಅಂದ್ರೆ ವಯಸ್ಸೇ ಆಗಬೇಕಿಲ್ಲ. ಎನ್‌ಐಎಚ್ ಪದವಿ ಮುಗಿದ ದಿನದಿಂದ 10 ವರ್ಷ ಎಣಿಸುತ್ತೆ. ಪ್ರತಿ ಸಂಸ್ಥೆಯ ಗಡಿಯಾರ ಬೇರೆ. ಹೆರಿಗೆ, ಅನಾರೋಗ್ಯದ ಬಿಡುವಿಗೆ ವಿನಾಯಿತಿ ಇದೆಯಾ ಅಂತ ಮೊದಲೇ ನೋಡಿ.

ಎಲ್ಲಿ ಕೆಲಸ ಮಾಡೋರಿಗೆ ಅಂತ ಓದಿ. ಆರ್‌ಎಸ್‌ಎನ್‌ಎಯ ಬಹುಪಾಲು ಗ್ರಾಂಟ್ ಉತ್ತರ ಅಮೆರಿಕದ ಸಂಸ್ಥೆಗಳಲ್ಲಿ ಇರೋರಿಗೆ.

ಸ್ಕ್ಯಾನರ್ ಗಂಟೆಯ ಖರ್ಚನ್ನ ಬಜೆಟ್‌ನಲ್ಲಿ ತೋರಿಸಬಹುದಾ ಅಂತ ಕೇಳಿ. ಆಮೇಲೆ ಹೊಂದಿಸೋಣ ಅಂದ್ರೆ ಹೊಂದಲ್ಲ.

ಕೊನೇದು, ಇಮೇಜಿಂಗ್ ಅಂತ ಹೆಸರಿರೋ ಫಂಡ್ ಮಾತ್ರ ಹುಡುಕಬೇಡಿ. ನಿಮ್ಮ ವಿಧಾನ ಯಾವ ರೋಗಿಗೆ ಉಪಯೋಗ ಅಂತ ಹೇಳೋಕೆ ಕಲೀರಿ. ಕ್ಯಾನ್ಸರ್ ಫಂಡ್ ಬಾಗಿಲು ನಿಮಗೂ ತೆರೆಯುತ್ತೆ. ಸರ್ಕಾರದ ಕಡೆ ಎಎನ್‌ಆರ್‌ಎಫ್‌ನ ಅರ್ಲಿ ಕರಿಯರ್ ಗ್ರಾಂಟ್ ಕೂಡ ಇದೆ, ಅದನ್ನೂ ನೋಡಿ.

ನಿಮ್ಮಲ್ಲಿ ಕಂಪನಿಯ ಸಿಎಸ್‌ಆರ್ ತಂಡದಲ್ಲಿರೋರು, ಹಳೇ ವಿದ್ಯಾರ್ಥಿ ಸಂಘದಲ್ಲಿರೋರು ಇದ್ರೆ ಒಂದು ಮಾತು. ಮುಂದಿನ ಸಲ ಆಸ್ಪತ್ರೆಗೆ ಏನು ಕೊಡೋಣ ಅಂತ ಮೀಟಿಂಗ್ ಆದಾಗ, ‘ಯಂತ್ರದ ಜೊತೆ ಒಬ್ಬ ಸಂಶೋಧಕಿಯ ಎರಡು ವರ್ಷದ ಸಂಬಳವನ್ನೂ ಕೊಡೋಣ್ವಾ?’ ಅಂತ ಒಬ್ಬರಾದ್ರೂ ಕೇಳಿ.

ಇವತ್ತಿಗೆ ಇಷ್ಟು. ಫೆಲೋಶಿಪ್‌ಗೆ ಅರ್ಜಿ ಹಾಕಿದ ಅನುಭವ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.