ಹೊಸ ಊರಿನಲ್ಲಿ ಒಲೆಗೂ ಒಂದು ರಜಾ

ಕೃಷ್ಣರಾಜನಗರ ತಾಲ್ಲೂಕಿನ ನಮ್ಮ ಹೊಸ ಅಗ್ರಹಾರದಿಂದ ಮೈಸೂರು ಎಷ್ಟು ಮಹಾ ದೂರ? ಆದರೂ ಮಕ್ಕಳ ಓದಿಗೆಂದು ಮನೆ ಬದಲಾಯಿಸಿದಾಗ ಆ ದೂರದ ಲೆಕ್ಕವೇ ಬೇರೆ! ಊರಲ್ಲಿ ಹಿತ್ತಿಲ ಬಾಗಿಲು ತೆಗೆದರೆ "ಏನಕ್ಕಾ, ಇವತ್ತೇನು ಸಾರು?" ಎನ್ನುವವರಿದ್ದರು. ಇಲ್ಲಿ ಯಜಮಾನರು, ಮಕ್ಕಳು ಹೊರಟ ಮೇಲೆ ಸಂಜೆಯವರೆಗೆ ಮಾತಿಗೊಂದು ನರಪಿಳ್ಳೆಯಿಲ್ಲ. "ವಾಪಸು ಹೋಗಿಬಿಡೋಣ್ರೀ" ಎಂದು ಎಷ್ಟೋ ರಾತ್ರಿ ಅತ್ತದ್ದುಂಟು.

ಆಗ ಕೈಹಿಡಿದವರು ತರಕಾರಿ ಗಾಡಿಯ ಹತ್ತಿರ ಪರಿಚಯವಾದ ಇಬ್ಬರು ಗೆಳತಿಯರು. ಒಬ್ಬರು ಪಿರಿಯಾಪಟ್ಟಣದವರು, ಇನ್ನೊಬ್ಬರು ಧಾರವಾಡದ ಕಡೆಯವರು. "ಭಾನುವಾರ ಒಲೀಗೆ ರಜಾ ಕೊಡ್ರಿ, ನಮ್ಮ ಜೋಡಿ ಬರ್ರಿ" ಎಂದರು.

ಶನಿವಾರ ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಅವಸರವಿಲ್ಲದೆ ಸುತ್ತಿ ಹೂವು, ವೀಳೆಯದೆಲೆ ಕೊಂಡೆವು. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಡಿಗೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಬೇಸಾಯಕ್ಕೆ ನೀರಾಗಲೆಂದು ಕಟ್ಟಿಸಿದ ಕೆರೆಯಿದು. ಗದ್ದೆ ಬಯಲಿನಿಂದ ಬಂದ ನನಗೆ ಅದು ತಿಳಿದೊಡನೆ ಮೈಸೂರು ಸ್ವಲ್ಪ ನಮ್ಮೂರಾಯಿತು!

ಮಧ್ಯಾಹ್ನ ಒಬ್ಬರ ಮನೆಯಲ್ಲಿ ಕೂಡೂಟ. ಅವರ ಜೋಳದ ರೊಟ್ಟಿ, ಎಣ್ಣೆಗಾಯಿ. ನನ್ನ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಹುಚ್ಚೆಳ್ಳನ್ನು ಚಟಪಟ ಸಿಡಿಯುವವರೆಗೆ ಹುರಿದು, ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಹಾಕಿ ಅರೆದರೆ ಆಯಿತು. ಧಾರವಾಡದವರು ಎರಡು ಸಲ ಬಡಿಸಿಕೊಂಡರು! ಸಂಜೆ ಅರಮನೆಯ ದೀಪಗಳು ಒಮ್ಮೆಲೇ ಹೊತ್ತಿಕೊಂಡಾಗ ಮೂವರೂ ಮಕ್ಕಳಂತೆ ಚಪ್ಪಾಳೆ ತಟ್ಟಿದೆವು.

ಸೋದರಿಯರೇ, ಹೊಸ ಊರಿಗೆ ಬಂದಿದ್ದೀರಾ? ಯಾರಾದರೂ ಕರೆಯಲೆಂದು ಕಾಯಬೇಡಿ. ಒಂದು ಬಟ್ಟಲು ಚಟ್ನಿ ಹಿಡಿದು ಪಕ್ಕದ ಮನೆ ಬಾಗಿಲು ತಟ್ಟಿ. ಬಟ್ಟಲು ಬರಿದಾಗಿ ವಾಪಸು ಬರುವುದಿಲ್ಲ, ನೋಡಿ!