ಬೆಳಕನ್ನು ಒಯ್ಯುವ ಗಾಜಿನ ಎಳೆ

ದೂರದೇಶದಲ್ಲಿರುವ ಮಗನ ಮುಖವನ್ನು ವಿಜಯನಗರದ ಮನೆಯೊಂದರಲ್ಲಿ ಕುಳಿತ ತಾಯಿಯು ಫೋನಿನಲ್ಲಿ ನೋಡುತ್ತ ಮಾತನಾಡುವುದು ಇಂದು ನಿತ್ಯದ ಸಂಗತಿ. ಆ ಮಾತೂ ಆ ಬಿಂಬವೂ ಆಕಾಶಮಾರ್ಗವಾಗಿ, ಉಪಗ್ರಹದ ಮೂಲಕ ಇಳಿದುಬರುತ್ತವೆಂಬುದು ಬಹುಜನರ ತಿಳಿವಳಿಕೆ; ವಿದ್ಯಾವಂತರಲ್ಲಿಯೂ ಈ ಭಾವನೆ ಬಲವಾಗಿದೆ. ವಸ್ತುಸ್ಥಿತಿ ಬೇರೆ. ಫೋನಿನಿಂದ ಸಮೀಪದ ಗೋಪುರದವರೆಗೆ ಮಾತ್ರ ರೇಡಿಯೋ ಅಲೆಗಳ ಕೆಲಸ. ಅಲ್ಲಿಂದ ಮುಂದೆ ಮಾತು ಬಹುಮಟ್ಟಿಗೆ ನೆಲದಡಿಯಲ್ಲಿ ಚೆನ್ನೈ ಅಥವಾ ಮುಂಬಯಿಯ ಕಡಲತೀರವನ್ನು ಸೇರಿ, ಸಮುದ್ರತಳದಲ್ಲಿ ಖಂಡದಿಂದ ಖಂಡಕ್ಕೆ ಸಾಗುತ್ತದೆ. ಅದನ್ನು ಹೊತ್ತೊಯ್ಯುವುದು ಕೂದಲೆಳೆಯಂತಹ ಗಾಜು.

ಆಪ್ಟಿಕಲ್ ಫೈಬರ್ ಎಂಬ ಈ ವಸ್ತುವನ್ನು ಕನ್ನಡದಲ್ಲಿ ದ್ಯುತಿತಂತು ಎನ್ನುವುದುಂಟು. ‘ತಂತು’ ಎಂಬುದೂ ನಮ್ಮ ‘ತಂತಿ’ಗೆ ಮೂಲವಾದ ‘ತಂತ್ರೀ’ ಎಂಬುದೂ ಹರಡು, ಚಾಚು ಎಂಬರ್ಥದ ‘ತನ್’ ಧಾತುವಿನಿಂದ ಹುಟ್ಟಿದವು. ತಂತಿ ಬಂತೆಂದರೆ ಮನೆಮಂದಿಯೆಲ್ಲ ನಡುಗುತ್ತಿದ್ದ ಕಾಲವನ್ನು ಹಿರಿಯ ವಾಚಕರು ಬಲ್ಲರು. ಆ ಸೇವೆ 2013ರ ಜುಲೈ ತಿಂಗಳಲ್ಲಿ ಮುಗಿಯಿತು. ತಂತಿಯಲ್ಲಿ ಹರಿಯುತ್ತಿದ್ದುದು ವಿದ್ಯುತ್ತು. ತಂತುವಿನಲ್ಲಿ ಹರಿಯುವುದು ಬೆಳಕು.

ನೇರವಾಗಿ ಹೋಗುವ ಸ್ವಭಾವದ ಬೆಳಕು ಬಾಗಿದ ಎಳೆಯೊಳಗೆ ಹೇಗೆ ನಿಲ್ಲುತ್ತದೆ? ಬಾವಿಯಲ್ಲಿ ಮುಳುಗಿ ಕಣ್ಣು ತೆರೆದವರಿಗೆ ಇದರ ಗುಟ್ಟು ಸುಲಭವಾಗಿ ತಿಳಿದೀತು. ನೀರೊಳಗಿನಿಂದ ಓರೆಯಾಗಿ ಮೇಲೆ ನೋಡಿದರೆ ಆಕಾಶ ಕಾಣದು. ನೀರಿನ ಮೇಲ್ಮೈ ಕನ್ನಡಿಯಾಗಿ ಬಾವಿಯ ಒಳಭಾಗವನ್ನೇ ತೋರುತ್ತದೆ. ಸಾಂದ್ರವಾದ ಮಾಧ್ಯಮದಿಂದ ವಿರಳವಾದುದಕ್ಕೆ ತೀರ ಓರೆಯಾಗಿ ಬಂದ ಬೆಳಕು ಹೊರಬೀಳದೆ ಹಿಂದಿರುಗುವ ಈ ಗುಣವೇ ಪೂರ್ಣ ಆಂತರಿಕ ಪ್ರತಿಫಲನ. ದೂರ ಸಂಪರ್ಕದ ಎಳೆಯಲ್ಲಿ ಎರಡು ಬಗೆಯ ಗಾಜುಂಟು. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟಿರುವ ಒಳತಿರುಳಿನಲ್ಲಿ ಬೆಳಕು ಚಲಿಸುತ್ತದೆ. ಅದನ್ನು ಸುತ್ತುವರಿದ ಹೊರಗಾಜು ಬೆಳಕನ್ನು ಹೊರಹೋಗಗೊಡದು. ಎರಡೂ ಸೇರಿ ಮಿಲಿಮೀಟರಿನ ಎಂಟನೆಯ ಒಂದು ಭಾಗ. ಒಂದು ತುದಿಯಲ್ಲಿ ಲೇಸರ್ ದೀಪವು ಸೆಕೆಂಡಿಗೆ ನೂರಾರು ಕೋಟಿ ಸಲ ಮಿನುಗುತ್ತದೆ. ಆ ಮಿನುಗೇ ಅಕ್ಷರ, ಧ್ವನಿ, ಚಿತ್ರ. ಆ ಬೆಳಕು ಅವಗೆಂಪು, ಕಣ್ಣಿಗೆ ಕಾಣದು.

ತತ್ತ್ವ ಹಳೆಯದು, ಗಾಜು ಸಿದ್ಧವಿರಲಿಲ್ಲ. ಪಂಜಾಬಿನ ಮೋಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು ಇಂಗ್ಲೆಂಡಿನಲ್ಲಿದ್ದಾಗ, 1954ರಲ್ಲಿ, ಗಾಜಿನೆಳೆಗಳ ಕಟ್ಟಿನಿಂದ ಬಿಂಬವನ್ನು ಸಾಗಿಸಿದ ಪ್ರಯೋಗವನ್ನು ಪ್ರಕಟಿಸಿದರು. ಆದರೆ ಅಂದಿನ ಗಾಜಿನಲ್ಲಿ ಬೆಳಕು ಕೆಲವು ಮೀಟರುಗಳಲ್ಲಿಯೇ ಅಳಿಯುತ್ತಿತ್ತು. ದೋಷ ಗಾಜಿನದಲ್ಲ, ಅದರೊಳಗಿನ ಕಲ್ಮಷದ್ದು ಎಂದು 1966ರಲ್ಲಿ ತೋರಿಸಿದವರು ಚಾರ್ಲ್ಸ್ ಕಾವ್. ಒಂದು ಕಿಲೋಮೀಟರಿನ ಕೊನೆಗೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕೆಂದು ಅವರು ಲೆಕ್ಕ ಹಾಕಿದರು. ಅಮೆರಿಕದ ಕಾರ್ನಿಂಗ್ ಸಂಸ್ಥೆ 1970ರಲ್ಲಿ ಆ ಗುರಿ ಮುಟ್ಟಿತು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು, ಕಪಾನಿಯವರಿಗೆ ಬರಲಿಲ್ಲ. ಅದು ಅನ್ಯಾಯವೆಂಬವರಲ್ಲಿ ಈ ಲೇಖಕನೂ ಒಬ್ಬ. ಇಂದಿನ ಎಳೆಯಲ್ಲಿ 15 ಕಿಲೋಮೀಟರು, ಎಂದರೆ ರಾಜಾಜಿನಗರದಿಂದ ಕೆಂಗೇರಿಯವರೆಗಿನಷ್ಟು ದೂರ ಸಾಗಿದರೂ ಬೆಳಕಿನ ಅರ್ಧಭಾಗ ಉಳಿದಿರುತ್ತದೆ.

1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂದಾಗ ಹೊರದೇಶದ ಸಂಪರ್ಕಕ್ಕೆ ಉಪಗ್ರಹವನ್ನೇ ನೆಚ್ಚಬೇಕಾಗಿತ್ತು. ಅದರ ಉಪಕರಣವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಅಂತಹ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಮಾತು ಏರಿ ಇಳಿಯಲು ಕಾಲು ಸೆಕೆಂಡು ಬೇಕು. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು. ಚೆನ್ನೈಯವರೆಗಿನ ಸುಮಾರು 350 ಕಿಲೋಮೀಟರಿಗೆ ಸೆಕೆಂಡಿನ ಐನೂರನೆಯ ಒಂದು ಭಾಗವೂ ಹಿಡಿಯದು. ಅಟ್ಲಾಂಟಿಕ್ ಸಾಗರದಡಿಯಲ್ಲಿ ಮೊದಲ ಗಾಜಿನೆಳೆಯ ಕೇಬಲ್ ಕೆಲಸ ಆರಂಭಿಸಿದ್ದು 1988ರಲ್ಲಿ.

ಇಷ್ಟು ಸಮರ್ಥವಾದ ಎಳೆಯ ವೈರಿ ನಮ್ಮ ಬೀದಿಯಲ್ಲಿಯೇ ಇದೆ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕಡಲ ಕೇಬಲ್‌ಗಳು ತುಂಡಾಗಿ ಭಾರತದ ಅಂತರಜಾಲ ಕುಂಟಿದ್ದು ದೊಡ್ಡ ಸುದ್ದಿಯಾಯಿತು. ಚರಂಡಿಗೋ ಕೊಳಾಯಿಗೋ ರಸ್ತೆ ಅಗೆಯುವ ಯಂತ್ರದ ಹಲ್ಲಿಗೆ ಸಿಕ್ಕಿ ನಿತ್ಯವೂ ತುಂಡಾಗುವ ಎಳೆ ಸುದ್ದಿಯಾಗದು. 2020ರ ಮಾರ್ಚಿನಿಂದ ಶಾಲೆಗಳು ಮುಚ್ಚಿದ್ದಾಗ ಪಾಠವೆಲ್ಲ ಈ ಎಳೆಗಳ ಮೇಲೆಯೇ ನಡೆಯಿತು. ಬೀದಿಯಲ್ಲಿ ಒಂದು ಎಳೆ ಹರಿದರೆ ಹತ್ತಾರು ಮನೆಗಳ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿ, ಅಷ್ಟು ಮಕ್ಕಳ ಅಂದಿನ ಪಾಠ ತಪ್ಪುತ್ತಿತ್ತು. ಅಗೆಯುವವರು ನೆಲದಡಿಯ ಕೇಬಲ್‌ಗಳ ಒಡೆಯರಿಗೆ ಮುಂಚಿತವಾಗಿ ತಿಳಿಸಲೆಂದು ಕೇಂದ್ರ ಸರ್ಕಾರವು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನು 2023ರ ಮಾರ್ಚಿನಲ್ಲಿ ಹೊರತಂದಿತು. ಅಗೆಯುವ ಕಂತ್ರಾಟುದಾರರು ಅದನ್ನು ಬಳಸಬೇಕಷ್ಟೆ. ಅಗೆತದ ಖರ್ಚು ಉಳಿಸಲು ಕೇಬಲ್‌ಗಳನ್ನು ಮರದಿಂದ ಮರಕ್ಕೆ ಬಿಗಿದು, ಉಳಿದುದನ್ನು ಸುರುಳಿ ಸುತ್ತಿ ಕಂಬಕ್ಕೆ ನೇತುಹಾಕುವ ಪದ್ಧತಿಯಂತೂ ಖಂಡನೀಯ. ಜೋತುಬಿದ್ದ ಕೇಬಲ್ ಸ್ಕೂಟರ್ ಸವಾರನ ಕೊರಳಿಗೆ ಅಪಾಯ.

ನೆಲದಡಿಯಲ್ಲಿ ಹರಿದ ಜಾಗವನ್ನು ಪತ್ತೆಹಚ್ಚುವ ಉಪಾಯ ಸೊಗಸಾಗಿದೆ. ಎಳೆಯ ತುದಿಯಿಂದ ಬೆಳಕಿನ ತುಣುಕೊಂದನ್ನು ಬಿಟ್ಟು, ತುಂಡಾದೆಡೆಯಿಂದ ಅದು ಹಿಂದಿರುಗಲು ಹಿಡಿದ ಕಾಲವನ್ನು ಉಪಕರಣದಲ್ಲಿ ಅಳೆಯುತ್ತಾರೆ. ಮಾರ್ದನಿಯಿಂದ ಬೆಟ್ಟದ ದೂರವನ್ನು ಎಣಿಸಿದಂತೆ. ಬಳಿಕ ಕೆಲಸಗಾರರು ಗುಂಡಿ ತೋಡಿ, ಎಳೆಯ ತುದಿಗಳನ್ನು ಒರೆಸಿ, ಸಮವಾಗಿ ಕತ್ತರಿಸಿ, ಪುಟ್ಟ ಯಂತ್ರದ ವಿದ್ಯುತ್ ಕಿಡಿಯಲ್ಲಿ ಕರಗಿಸಿ ಕೂಡಿಸುತ್ತಾರೆ. ಬೆಸುಗೆ ಚೆನ್ನಾಗಿ ಕೂಡಿದರೆ ಅಲ್ಲಿ ನಷ್ಟವಾಗುವ ಬೆಳಕು ನೂರರಲ್ಲಿ ಒಂದೆರಡು ಪಾಲು ಮಾತ್ರ.